ಜಗದಾಂಬಮ್ಮನ ಹೆಬ್ಬೆರಳು

“ಈ ಮಗುಗೆ ಏನಾದ್ರೂ ಆದ್ರೆ ಆ ಪಾಪ ನಿಂದೇ, ನೆನಪಿಟ್ಕೋ ಮಾರಾಯ್ತಿ!”

ಭದ್ರಾವತಿಯ ಕಾಗದನಗರದ ಆ ಪುಟ್ಟ ಕ್ವಾರ್ಟರ್ಸಿನಲ್ಲಿ ಜಗದಾಂಬಮ್ಮನವರ ದನಿ ಮೊಳಗಿತು. ಸೊಸೆ ಸೀತಾಲಕ್ಷ್ಮಿ ಕಣ್ಣೊರೆಸಿಕೊಂಡಳು... ಆದರೆ ಏಳಲಿಲ್ಲ. ಐದು ತಿಂಗಳ ಮಗಳನ್ನು ಎದೆಗವಚಿಕೊಂಡು, ಸಿಡುಬು ತಡೆಯುವ ಲಸಿಕೆ, ಅಂದರೆ ದೇವಿ ಹಾಕಲು ಬಂದಿದ್ದ ನಸರುಲ್ಲಾ ಸಾಹೇಬರ ಮುಂದೆ ಕುಳಿತೇ ಇದ್ದಳು. ಶಿವಮೊಗ್ಗದಲ್ಲಿ ಅವಳ ತವರಿನ ಬೀದಿಯಲ್ಲೇ ಸಿಡುಬು ಕಾಣಿಸಿಕೊಂಡಿತ್ತು. ಅತ್ತೆಯ ವಾದವೇ ಬೇರೆ: ತಾನಾಗಿ ಬಾರದ ಸಿಡುಬಿನ ಅಮ್ಮನನ್ನು ಸೂಜಿಯಿಂದ ಕೆರೆದು ಕರೆಯುವುದುಂಟೇ? ಇಬ್ಬರ ನಡುವೆ ನ್ಯಾಯ ಹೇಳಬೇಕಾಗಿದ್ದ ಮಗ ಶಿವರಾಮ, ಜಾಣ, ಅಂದು ಕಾರ್ಖಾನೆಗೆ ಅರ್ಧ ಗಂಟೆ ಮೊದಲೇ ಹೊರಟುಹೋಗಿದ್ದ.

ನಸರುಲ್ಲಾ ಮಗುವಿನ ತೋಳಿಗೆ ಒಂದು ಹನಿ ಮದ್ದು ಇಟ್ಟು ಕೆರೆದರು. ಇದು ದನದ ಸಿಡುಬು ಎದ್ದ ಕರುವಿನ ಗುಳ್ಳೆಯ ರಸ, ಈ ಸಣ್ಣ ಬೇನೆಯನ್ನು ಒಮ್ಮೆ ಗೆದ್ದ ಮೈ ದೊಡ್ಡ ಸಿಡುಬು ಬಂದರೂ ಗುರುತು ಹಿಡಿದು ಓಡಿಸುತ್ತದೆ ಎಂದು ವಿವರಿಸಿದರು. ಒಣಗುವವರೆಗೆ ಮುಟ್ಟಬಾರದೆಂದೂ, ಎಂಟನೆಯ ದಿನ, ಮದ್ದು ಹಿಡಿದು ಎದ್ದ ಗುಳ್ಳೆ ನೋಡಲು ಬರುವುದಾಗಿಯೂ ಹೇಳಿ ಹೊರಟರು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಮಗುವನ್ನು ಚಾಪೆಯ ಮೇಲೆ ಮಲಗಿಸಿ ಸೀತಾಲಕ್ಷ್ಮಿ ಒಳಗೆ ಓಡಿದಳು.

ಎಂಟನೆಯ ದಿನ ನೋಡಿದರೆ ಮಗುವಿನ ತೋಳು ನುಣ್ಣಗಿತ್ತು. ಜ್ವರ ಬಂದು ನರಳುತ್ತಿದ್ದವರು ಜಗದಾಂಬಮ್ಮ! ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಮುಳ್ಳು ಚುಚ್ಚಿದೆ ಎನ್ನುತ್ತಿದ್ದರು. ನಸರುಲ್ಲಾ ಬಟ್ಟೆ ಬಿಚ್ಚಿಸಿದರು. ತೊಗರಿಕಾಳಿನಷ್ಟು ದಪ್ಪ ಗುಳ್ಳೆ, ನಡುವೆ ಕುಳಿ. ತಮ್ಮ ಇಪ್ಪತ್ತು ವರ್ಷದ ನೌಕರಿಯಲ್ಲಿ ದೇವಿ ಇಷ್ಟು ಚೆನ್ನಾಗಿ ಎದ್ದದ್ದನ್ನು ಕಂಡಿಲ್ಲವೆಂದು ಅವರು ಮೆಚ್ಚಿಕೊಂಡರು.

ಆಗ ನಿಜ ಹೊರಬಿತ್ತು. ಸೊಸೆ ಹಾಲಿಗೆ ಓಡಿದ ಗಳಿಗೆಯಲ್ಲಿ ಅತ್ತೆ ಹೆಬ್ಬೆರಳಿನಿಂದ ಆ ಹನಿಯನ್ನು ಒರೆಸಿ ತೆಗೆದಿದ್ದರು. ಅಂದು ಬೆಳಿಗ್ಗೆ ಈಳಿಗೆಮಣೆ ತಗಲಿ ಆಗಿದ್ದ ಗಾಯ ಅದೇ ಬೆರಳಲ್ಲಿ ಇನ್ನೂ ಹಸಿಯಾಗಿತ್ತು.

“ಇನ್ನು ನಿಮಗೆ ಸಿಡುಬಿನ ಭಯ ಇಲ್ಲಮ್ಮ,” ಎಂದರು ನಸರುಲ್ಲಾ. “ಮಗುಗೆ ಇದೆ.”

ಜಗದಾಂಬಮ್ಮ ಕುಸಿದು ಕುಳಿತರು. ಹೆಬ್ಬೆರಳನ್ನು ಅವರ ಮುಂದೆ ಚಾಚಿದರು.

“ಮುದುಕಿಗೆ ಯಾಕೆ ಬೇಕಿತ್ತು ಸಾಹೇಬ್ರೆ ಈ ಕಾವಲು? ಇದನ್ನೇ ಕಿತ್ತು ಕೂಸಿಗೆ ಹಾಕಿ. ಬೆರಳು ಹೋದ್ರೂ ಹೋಗ್ಲಿ.”

ಬೆರಳು ಬೇಡ, ಹೊಸ ಮದ್ದು ತಂದಿದ್ದೇನೆ ಎಂದು ಸಮಾಧಾನ ಹೇಳಿ, ನಸರುಲ್ಲಾ ಜಗದಾಂಬಮ್ಮನವರ ಗುಳ್ಳೆಗೆ ಬಟ್ಟೆ ಕಟ್ಟಿ ದೂರ ಕೂರಿಸಿ, ಮಗುವಿಗೆ ಮತ್ತೆ ಹಾಕಿದರು. ಹನಿ ಒಣಗುವ ತನಕ ಜಗದಾಂಬಮ್ಮ ರೆಪ್ಪೆ ಮಿಟುಕಿಸಲಿಲ್ಲ. ಮಗುವಿನ ಅಂಗಿ ಸರಿಪಡಿಸಲು ಹೋದ ಸೊಸೆಯನ್ನೂ ಗದರಿಸಿ ಹಿಂದೆ ಕಳಿಸಿದರು.

ಸೀತಾಲಕ್ಷ್ಮಿ ಮಧ್ಯಾಹ್ನ ಸಾರು ಅನ್ನ ಕಲಸಿ ಅತ್ತೆಯ ಬಾಯಿಗೆ ತುತ್ತಿಟ್ಟಳು. ಮೂರು ವರ್ಷಗಳಲ್ಲಿ ಮೊದಲ ಸಲ ಅತ್ತೆ ಸಾರಿನ ರುಚಿಯಲ್ಲಿ ತಪ್ಪು ಹುಡುಕದೆ ಉಂಡು ಮುಗಿಸಿದರು.

ಆಮೇಲೆ ತಾನು ಉಣ್ಣಲು ಕುಳಿತಾಗಲೇ ಅವಳಿಗೆ ಗೊತ್ತಾದದ್ದು, ಸಾರಿಗೆ ಅಂದು ಉಪ್ಪೇ ಹಾಕಿರಲಿಲ್ಲ.