ತೋಟದ ಅಲಂಕಾರದ ಕಲ್ಲು

ಗೂಳಿ ನನ್ನ ಕಾಲರ್ ಹಿಡಿದು ಆಫೀಸಿನ ಮೆಟ್ಟಿಲ ಗೋಡೆಗೆ ಒತ್ತಿದ.

"ಫೋನ್ ಕೊಡು!"

ಕೊಡಲಿಲ್ಲ. ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿದೆ. ಅವನು ಮಡಚಿಕೊಂಡ. ನನ್ನ ಫೋನ್ ಕೈಜಾರಿ, ಮೆಟ್ಟಿಲ ಸಂದಿಯಲ್ಲಿ ಮೂರು ಮಹಡಿ ಕೆಳಗೆ ಬಿದ್ದು ಚೂರಾಯಿತು.

ಸರಿ... ಇನ್ನು ಕಾಲೇ ಗತಿ!

ಕಿಟಕಿಯಾಚೆ ಬಂದರಿನ ಯಾರ್ಡು. ಹತ್ತಿ ತುಂಬಿದ ಕಂಟೇನರ್ ಒಂದು ಧಗಧಗ ಉರೀತಿತ್ತು. ಫೈರ್ ಎಂಜಿನ್‌ಗಳು ಆಗಲೇ ನೀರು ಬಿಡ್ತಿದ್ದವು.

ನನಗೆ ಭಯ ಆ ಬೆಂಕಿಯದ್ದಲ್ಲ. ಪಕ್ಕದಲ್ಲಿದ್ದ ನೀಲಿ ಕಂಟೇನರಿನದ್ದು.

ಅದರ ಪೇಪರ್ ಮಾಡಿದ್ದು ನಾನು. ಅದೇ ನನ್ನ ಕಸುಬು. ಬೇರೆಯವರ ಸರಕಿಗೆ ಕಾಗದ ಬರೆದು ಕಸ್ಟಮ್ಸ್ ದಾಟಿಸೋದು. ಒಳಗಿದ್ದದ್ದು ಕಾರ್ಬೈಡ್. ಇನ್ನೂರು ಡ್ರಮ್. ವೆಲ್ಡಿಂಗಿನ ಗ್ಯಾಸ್ ಇದರಿಂದಲೇ ಬರೋದು. ನೀರು ತಾಗಿದರೆ ಸಾಕು, ಗ್ಯಾಸ್ ಬಿಡುತ್ತೆ... ಗ್ಯಾಸಿಗೆ ಕಿಡಿ ತಾಗಿದರೆ ಮುಗೀತು!

ಅಪಾಯದ ಸರಕು ಅಂತ ನಿಜ ಬರೆದರೆ ಪರ್ಮಿಷನ್ನು, ಬೇರೆ ಜಾಗ, ತಪಾಸಣೆ. ಮೂರು ವಾರ. ಸರಕಿನ ಯಜಮಾನನಿಗೆ ಅಷ್ಟು ಪುರುಸೊತ್ತಿರಲಿಲ್ಲ. ನೋಡೋಕೆ ಬೂದು ಕಲ್ಲೇ ತಾನೆ? ಬರೆದುಬಿಟ್ಟೆ.

'ತೋಟದ ಅಲಂಕಾರದ ಕಲ್ಲು.'

ಬರೆಯುವಾಗ ಶಿಳ್ಳೆ ಹಾಕ್ತಿದ್ದೆ, ಗೊತ್ತಾ?

ಗೂಳಿ ಆ ಯಜಮಾನನ ಡ್ರೈವರ್. ನಾನು ಬಾಯಿ ಬಿಡದ ಹಾಗೆ ನೋಡ್ಕೊಳ್ಳೋದೇ ಅವತ್ತು ಅವನ ಡ್ಯೂಟಿ.

ಮೆಟ್ಟಿಲು ಎರಡೆರಡಾಗಿ ಹಾರಿದೆ. ರಸ್ತೆಗೆ ಬಿದ್ದೆ. ಹಿಂದೆ ಗೂಳಿಯ ಪಿಕಪ್ ಗುರ್ ಅಂತು! ಬಂದರಿನ ಗೇಟಿನಲ್ಲಿ ಗಾರ್ಡು ಕೈ ಅಡ್ಡ ಹಿಡಿದ. ಕೈ ಕೆಳಗೇ ನುಗ್ಗಿದೆ. ಪಿಕಪ್ ಗೇಟಿನ ಕಂಬಿ ಮುರಿದುಕೊಂಡೇ ಬಂತು. ಎರಡು ಕಂಟೇನರ್ ನಡುವಿನ ಸಂದಿಗೆ ತೂರಿಕೊಂಡೆ. ಒಬ್ಬ ಮನುಷ್ಯ ಅಡ್ಡಡ್ಡ ಹೋಗುವಷ್ಟು ಜಾಗ. ಪಿಕಪ್ ಮೂತಿ ಜಜ್ಜಿಕೊಂಡು ನಿಂತಿತು.

ನಾನು ಸಂದಿಯ ಆ ತುದಿಯಿಂದ ಹೊರಬಿದ್ದು ಓಡಿದೆ. ಫೈರ್ ಚೀಫ್ ತೋಳು ಹಿಡಿದೆ.

"ನೀರು ನಿಲ್ಲಿಸಿ ಸಾರ್!"

"ಯಾರಯ್ಯಾ ನೀನು? ಆಚೆ ಹೋಗು!"

"ಆ ನೀಲಿ ಕಂಟೇನರಲ್ಲಿ ಕಾರ್ಬೈಡ್ ಇದೆ!"

ಅವರು ಕೈಯಲ್ಲಿದ್ದ ಪಟ್ಟಿ ನೋಡಿದರು. "ಕಲ್ಲು ಅಂತಿದೆಯಲ್ಲ?"

"ಸುಳ್ಳು..."

"ನಿನಗೆ ಹೇಗೆ ಗೊತ್ತು?"

"ಬರೆದೋನು ನಾನೇ!"

ಅವರು ಒಂದೇ ಒಂದು ಕ್ಷಣ ನನ್ನ ಮುಖ ನೋಡಿದರು. ಆ ನೋಟ ಇನ್ನೂ ಮನಸ್ಸಿಂದ ಹೋಗಿಲ್ಲ.

"ನೀರು ಬಂದ್! ಎಲ್ಲರೂ ಹಿಂದಕ್ಕೆ!"

ಎಲ್ಲರೂ ಓಡಿದರು. ಏಣಿ ಮೇಲೆ ಹೋಸ್ ಹಿಡಿದಿದ್ದ ಹುಡುಗಿಗೆ ಮಾತ್ರ ಕೇಳಿಸಲಿಲ್ಲ. ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ತಿರುಗಿದಳು. ನಾಲ್ಕು ಮೆಟ್ಟಿಲು ಇಳಿದಳು...

ಐದನೆಯದು ಇಳಿಯಲಿಲ್ಲ. ನೀಲಿ ಕಂಟೇನರಿನ ಬಾಗಿಲು ಕಿತ್ತು ಹಾರಿತು!

ಹುಡುಗಿಯ ಜೀವ ಉಳಿಯಿತು. ಎಡಗಣ್ಣು ಹೋಯಿತು.

ಸಂಜೆ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಯಜಮಾನ ಪಕ್ಕಕ್ಕೆ ಕರೆದ. ಶರ್ಟಿನ ಇಸ್ತ್ರಿ ಕೂಡ ಮುದುಡಿರಲಿಲ್ಲ.

"ಟೈಪಿಂಗ್ ಮಿಸ್ಟೇಕ್ ಅಂದುಬಿಡು. ಮುಂದಿನದ್ದು ನನ್ನ ಲಾಯರ್ ನೋಡ್ಕೋತಾನೆ."

ನಾನು ತಲೆಯಾಡಿಸಿದೆ. ಹೌದು... ಆಡಿಸಿದೆ! ಮುಚ್ಚಿಡೋದೇನಿದೆ? ಜೈಲು ಅಂದರೆ ಯಾರಿಗೆ ಇಷ್ಟ?

ಅಷ್ಟರಲ್ಲಿ ವಾರ್ಡಿನ ಬಾಗಿಲು ತೆರೆಯಿತು. ಒಬ್ಬರು ಹೆಂಗಸು ನೇರ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು. ಹುಡುಗಿಯ ತಾಯಿ.

"ನೀವು ಕೂಗಿದ್ದಕ್ಕೇ ನನ್ನ ಮಗಳು ಉಳಿದಳಂತೆ. ನಿಮ್ಮ ಹೊಟ್ಟೆ ತಣ್ಣಗಿರಲಿ ಕಣಪ್ಪ."

ಗೂಳಿಯ ಹಿಡಿತಕ್ಕೆ ಬಗ್ಗದವನು ನಾನು. ಆ ಮಾತಿಗೆ ಬಾಯಿ ಬಿಟ್ಟೆ.

"ಅಮ್ಮಾ... ಕಲ್ಲು ಅಂತ ಸುಳ್ಳು ಬರೆದು ಅದನ್ನ ಅಲ್ಲಿ ಇರಿಸಿದ್ದೇ ನಾನು."

ಬೈತಾರೆ, ಹೊಡೀತಾರೆ ಅಂದುಕೊಂಡೆ. ಇಲ್ಲ. ಹಿಡಿದಿದ್ದ ಕೈಗಳನ್ನ ಮೆಲ್ಲಗೆ ಬಿಟ್ಟರು. ಸೆರಗಿಗೆ ತಮ್ಮ ಅಂಗೈ ಒರೆಸಿಕೊಂಡರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊಡೆದಿದ್ದರೆ ಚೆನ್ನಾಗಿತ್ತು!

ಅಲ್ಲಿಂದ ನೇರ ಕಸ್ಟಮ್ಸ್ ಆಫೀಸು. ಇನ್ಸ್‌ಪೆಕ್ಟರ್ ಬಿಳಿ ಹಾಳೆ ಮುಂದಿಟ್ಟರು.

"ಟೈಪಿಂಗ್ ಮಿಸ್ಟೇಕ್ ಅಂತ ನಿಮ್ಮ ಯಜಮಾನರು ಫೋನ್ ಮಾಡಿದ್ರು..."

"ಮೂರಕ್ಕೆ ಮೂರೂ ಪದ ಮಿಸ್ಟೇಕಾ ಮೇಡಂ?"

ಬರೆದೆ. ಸರಕಿನ ಹೆಸರು, ತೂಕ, ಡ್ರಮ್ಮಿನ ಲೆಕ್ಕ, ಬರೆಸಿದವನ ಹೆಸರು, ಬರೆದವನ ಹೆಸರು. ಹೀಗೇ ಹೋದ ಇನ್ನೂ ಹನ್ನೊಂದು ಕಂಟೇನರ್, ನಂಬರ್ ಸಮೇತ. ಇಪ್ಪತ್ತು ವರ್ಷದಲ್ಲಿ ನಾನು ಮಾಡಿದ ಮೊದಲ ಸರಿಯಾದ ಡಾಕ್ಯುಮೆಂಟು!

ಯಜಮಾನನನ್ನ ಅದೇ ರಾತ್ರಿ ಎತ್ತಿದರು. ನನ್ನನ್ನೂ.

ಲಾಕಪ್ಪಿನ ಬಾಗಿಲಲ್ಲಿ ಪೇದೆ ನನ್ನ ಜೇಬು ಖಾಲಿ ಮಾಡಿಸಿ ಪಟ್ಟಿ ಬರೆದ. "ವಾಚು ಒಂದು. ಸೈನ್ ಹಾಕು."

ಪೆನ್ ಹಿಡಿದು ನಿಂತೆ.

"ಏನಯ್ಯಾ, ಮತ್ತೇನು?"

"ಗ್ಲಾಸ್ ಒಡೆದಿದೆ, ಓಡ್ತಿಲ್ಲ ಅಂತ ಸೇರಿಸಿ ಸಾರ್. ಆಮೇಲೆ ಸೈನ್ ಹಾಕ್ತೀನಿ."