ನಿಲ್ಲಬೇಕೆಂಬ ಕರಾರು

ಗಣಿಯ ಬಾವಿಯಲ್ಲಿ ಮೇಲೇರುತ್ತಿದ್ದ ಕಬ್ಬಿಣದ ಪಂಜರ ನಡುಹಂತವನ್ನು ಬಿಟ್ಟು ಮೂರಾಳೆತ್ತರ ಏರಿದ್ದೇ ತಡ, ಗಕ್ಕನೆ ನಿಂತಿತು. ಒಳಗೆ ಹದಿಮೂರು ಜನರಿದ್ದರು. ಕೆಳಗಿನ ಹಂತದಲ್ಲಿ ಅದಿರು ಸಾಗಿಸುವ ರಬ್ಬರ್ ಪಟ್ಟಿಗೆ ಬೆಂಕಿ ಬಿದ್ದು, ಹೊಗೆ ಬಾವಿಯ ದಾರಿ ಹಿಡಿದಿತ್ತು.

ಮೇಲೆ, ಯಂತ್ರದ ಮನೆಯ ಪರದೆಯಲ್ಲಿ ಒಂದೇ ಸಾಲು ಮೂಡಿತು: ಕರಾರು ಮುರಿದಿದೆ, ನಿಲ್ಲಿಸಲಾಗಿದೆ. ಪಂಜರ ನಡೆಸುವ ಹುಸೇನಪ್ಪ ಪ್ರೋಗ್ರಾಮನ್ನು ಮತ್ತೆ ಶುರು ಮಾಡಿದ. ಅದು ಬ್ರೇಕನ್ನು ಸಡಿಲಿಸುವ ಮೊದಲೇ ಅದೇ ಸಾಲನ್ನು ತೋರಿಸಿ ಮಲಗಿತು. ಇನ್ನೊಮ್ಮೆ ಮಾಡಿದ, ಮತ್ತೆ ಅದೇ ಕತೆ. ಅವನ ಬೆನ್ನ ಹಿಂದೆ ಚಂದ್ರಕಲಾ ಬಳಿಗಾರ ನಿಂತಿದ್ದರು. ಆ ಸಾಲು ಅವರ ಹದಿನೈದು ವರ್ಷದ ದುಡಿಮೆಯ ಫಲ.

ಪ್ರಪಂಚದ ವಿಮಾನ, ಅಣೆಕಟ್ಟು, ಆಸ್ಪತ್ರೆಯ ಯಂತ್ರಗಳೆಲ್ಲ ಆ ಕಾಲಕ್ಕೆ ನೆಲಭಾಷೆ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಿಂತಿದ್ದವು. ಅದಕ್ಕೆ ಒಡೆಯರಿಲ್ಲ. ಮೂರು ವರ್ಷಕ್ಕೊಮ್ಮೆ ನಾನಾ ದೇಶಗಳ ತಜ್ಞರ ಸಮಿತಿ ಒಂದೆಡೆ ಕೂತು, ಭಾಷೆಗೆ ಹೊಸದಾಗಿ ಏನು ಸೇರಬೇಕು, ಏನು ಸೇರಬಾರದು ಎಂದು ಕೈ ಎತ್ತಿ ತೀರ್ಮಾನಿಸುತ್ತಿತ್ತು. ಒಂದು ಅಲ್ಪವಿರಾಮಕ್ಕಾಗಿ ವಾರಗಟ್ಟಲೆ ಜಗಳಾಡುವ ಜನ ಅವರು. ಚಂದ್ರಕಲಾ ಆ ಭಾಷೆಗೆ ಕರಾರು ಎಂಬುದನ್ನು ಕಂಡುಹಿಡಿದುಕೊಟ್ಟಿದ್ದರು. ಪ್ರೋಗ್ರಾಮಿನ ಪ್ರತಿ ತುಂಡೂ ತಾನು ಕೆಲಸಕ್ಕೆ ಕೈಹಾಕುವ ಮೊದಲು ಏನೇನು ನಿಜವಾಗಿರಬೇಕು, ಮುಗಿದ ಮೇಲೆ ಏನೇನು ನಿಜವಾಗಿರುತ್ತದೆ ಎಂದು ಬರೆದುಕೊಡಬೇಕು. ಆ ಮಾತು ಸುಳ್ಳಾದರೆ ಪ್ರೋಗ್ರಾಮು ಅಲ್ಲೇ ನಿಲ್ಲಬೇಕು. ತಪ್ಪು ಲೆಕ್ಕ ಹಿಡಿದುಕೊಂಡು ಮುಂದುವರಿಯುವುದಕ್ಕಿಂತ ನಿಲ್ಲುವುದೇ ಕ್ಷೇಮ ಎಂಬುದು ಅವರ ವಾದ.

ಸಮಿತಿಯಲ್ಲಿ ಇದಕ್ಕೆ ಅಡ್ಡ ನಿಂತವರು ಮಂಗಳೂರಿನ ಉಮಾನಾಥ ಕಾಮತ್. ಅವರು ಕಂಪೈಲರ್ ಬರೆಯುವವರು, ಎಂದರೆ ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವ ತಂತ್ರಾಂಶ ಕಟ್ಟುವವರು. ಕರಾರು ಮುರಿದಾಗ ಎಚ್ಚರಿಕೆ ಕೊಟ್ಟು ಮುಂದೆ ಸಾಗುವ ದಾರಿಯೂ ಭಾಷೆಯಲ್ಲಿರಲಿ ಎಂದು ಅವರು ಪ್ರತಿ ಸಭೆಯಲ್ಲೂ ಕೇಳುತ್ತಿದ್ದರು. ಆ ದಾರಿ ತೆರೆದರೆ ಸೋಮಾರಿಗಳೆಲ್ಲ ಅದರಲ್ಲೇ ನುಗ್ಗುತ್ತಾರೆ ಎಂದು ಚಂದ್ರಕಲಾ ಪ್ರತಿ ಸಭೆಯಲ್ಲೂ ಅದನ್ನು ಮುಚ್ಚಿಸುತ್ತಿದ್ದರು. ಹೊಸ ಅಂಶವೊಂದು ನಿಜವಾದ ಯಂತ್ರದಲ್ಲಿ ವರ್ಷಕಾಲ ದುಡಿದು ತೋರಿಸದೆ ಅಂತಿಮ ಮತಕ್ಕೆ ಬರುವಂತಿಲ್ಲ ಎಂಬುದು ಸಮಿತಿಯ ಪದ್ಧತಿ. ಕರಾರು ಆ ವರ್ಷವನ್ನು ಕಳೆದದ್ದು ರಾಯಚೂರು ಸೀಮೆಯ ಈ ಗಣಿಯಲ್ಲಿ. ಮತಕ್ಕೆ ಮುಂಚೆ ಅದನ್ನು ಕಣ್ಣಾರೆ ನೋಡಲು ಇಬ್ಬರೂ ಬಂದಿದ್ದರು.

ಹುಸೇನಪ್ಪ ತಿರುಗಿ ನೋಡಿದ. "ಒಳಗ ನನ್ನ ಮಗಳದಾಳ್ರಿ," ಎಂದ. ಮಗಳು ಯಂಕಮ್ಮ ಗಣಿಯ ಸರ್ವೇಯರ್. ನಡುಹಂತದಲ್ಲಿ ಹತ್ತಿದ ನಾಲ್ವರಲ್ಲಿ ಅವಳೂ ಒಬ್ಬಳು.

ಪಂಜರವನ್ನು ಕೈಯಿಂದ ನಡೆಸುವ ಸನ್ನೆಕೋಲು ಇಲ್ಲವೇ ಎಂದು ಕಾಮತ್ ಕೇಳಿದರು. ಇತ್ತು, ಹೋದ ವರ್ಷ ತೆಗೆಸಿದೆವು ಎಂದು ಗಣಿಯ ಮ್ಯಾನೇಜರ್ ಖದೀರ್ ಹೇಳಿದ. ಕರಾರು ಇರುವಲ್ಲಿ ಮನುಷ್ಯನ ಕೈ ನಡುವೆ ಬರಬಾರದು ಎಂದು ಚಂದ್ರಕಲಾ ತಮ್ಮ ಪ್ರಬಂಧದಲ್ಲಿ ಬರೆದಿದ್ದನ್ನು ಓದಿಯೇ ಅವನು ತೆಗೆಸಿದ್ದು. ಅದನ್ನು ಅವನು ಆಕ್ಷೇಪಣೆಯಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಚಂದ್ರಕಲಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಯಾವ ಕರಾರು ಮುರಿದಿದೆ ಎಂದು ಅವರು ಪ್ರೋಗ್ರಾಮನ್ನು ತೆರೆದು ನೋಡಿದರು. ಪಂಜರದ ಭಾರ ಹತ್ತು ಜನರ ತೂಕವನ್ನು ಮೀರಬಾರದು ಎಂದಿತ್ತು. ನಡುಹಂತ ಬಿಟ್ಟು ಪಂಜರದ ಪೂರ್ತಿ ಭಾರ ಹಗ್ಗದ ಮೇಲೆ ಬಿದ್ದಾಗ ಅದು ಮೀರಿತ್ತು.

"ದಿನಾ ಇದೇ ಪಂಜರದಾಗ ಅದಿರಿನ ತೊಟ್ಟಿ ತರ್ತೀವ್ರಿ," ಎಂದ ಖದೀರ್. "ಅದು ನಲವತ್ತು ಮಂದಿ ತೂಕ ಆಗ್ತದ. ಜನ ಇದ್ದಾಗ ಮಾತ್ರ ಈ ಹತ್ತು, ಈ ಒಂದು ವರ್ಷದಾಗ ಹತ್ತು ಮೀರಿ ಮಂದಿ ಏರಿದ್ದೇ ಇಲ್ಲ. ಯಾಕ ಹತ್ತು ಅಂತ ನಮಗೂ ಗೊತ್ತಿಲ್ಲ. ಪ್ರೋಗ್ರಾಮ್ ಬರೆದವರು ಹಾಕ್ಯಾರ."

ಚಂದ್ರಕಲಾ ಇನ್ನೊಮ್ಮೆ ಓದಿದರು. ಸಾಲುಗಳ ಜೋಡಣೆ, ಒಂದೊಂದಕ್ಕೂ ಇಟ್ಟ ಹೆಸರು, ನಡುವೆ ಬಿಟ್ಟ ಖಾಲಿ ಜಾಗ, ಎಲ್ಲವೂ ಅವರವೇ. ಕರಾರು ಬರೆಯುವುದು ಹೇಗೆಂದು ತೋರಿಸಲು ಅವರು ತಮ್ಮ ಪ್ರಬಂಧದಲ್ಲಿ ಒಂದು ಪುಟ್ಟ ಮಾದರಿ ಕೊಟ್ಟಿದ್ದರು. ಓದುವವರಿಗೆ ಸುಲಭವಾಗಲಿ ಎಂದು ಒಂದು ಲಿಫ್ಟು, ಸುಲಭವಾಗಲಿ ಎಂದೇ ಒಂದು ಹತ್ತು. ಆ ಮಾದರಿಯನ್ನು ಸಮಿತಿ ನಾಲ್ಕು ಸಭೆಗಳಲ್ಲಿ ತಿದ್ದಿತ್ತು. ಆವರಣ ಚಿಹ್ನೆ ಎಲ್ಲಿರಬೇಕು, ಪದ ಯಾವುದಿರಬೇಕು ಎಂದು ಕೂದಲು ಸೀಳಿತ್ತು. ಹತ್ತೇ ಏಕೆ ಎಂದು ಒಬ್ಬರೂ ಕೇಳಿರಲಿಲ್ಲ, ಅದು ಬರೀ ಮಾದರಿ ತಾನೆ. ಗಣಿಗೆ ಪ್ರೋಗ್ರಾಮು ಬರೆದವರು ಸಮಿತಿಯೇ ತಿದ್ದಿದ ಮಾದರಿ ಎಂಬ ಭಕ್ತಿಯಿಂದ ಅದನ್ನು ಅಕ್ಷರಶಃ ನಕಲು ಮಾಡಿದ್ದರು.

"ಹಗ್ಗ ಸರಿಯಿದೆ," ಎಂದರು ಚಂದ್ರಕಲಾ. "ಅಂಕಿ ತಪ್ಪು. ಅದು ನನ್ನ ಅಂಕಿ."

ಅಂಕಿಯನ್ನು ತಿದ್ದಿದರೆ ಸಾಲದು. ಒಂದು ಕರಾರು ಬದಲಾದರೂ ಕಂಪೈಲರ್ ಅದನ್ನು ನಂಬಿದ ಪ್ರತಿ ತುಂಡನ್ನೂ ಹೊಸದಾಗಿ ಪರೀಕ್ಷಿಸುತ್ತದೆ, ಅದಕ್ಕೆ ಸಂಜೆಯಾಗುತ್ತದೆ. ಆ ಕಟ್ಟುನಿಟ್ಟೂ ಚಂದ್ರಕಲಾ ಹಟ ಹಿಡಿದು ತಂದದ್ದೇ. ಪಂಜರದಿಂದ ಬರುತ್ತಿದ್ದ ಕೆಮ್ಮು ಫೋನಿನಲ್ಲಿ ಕೇಳುತ್ತಿತ್ತು. ಉಳಿದದ್ದು ಒಂದೇ ದಾರಿ. ಸಮಿತಿ ತಿರಸ್ಕರಿಸಿದ್ದ ಆ ಎಚ್ಚರಿಸಿ ಸಾಗುವ ವಿಧಾನ ಕಾಮತರ ಪ್ರಯೋಗದ ಕಂಪೈಲರಿನಲ್ಲಿ ಇನ್ನೂ ಇತ್ತು, ಅದಕ್ಕೆ ಆ ಮರುಪರೀಕ್ಷೆ ಬೇಕಿರಲಿಲ್ಲ, ಅದು ಅವರ ಲ್ಯಾಪ್‌ಟಾಪಿನಲ್ಲೇ ಇತ್ತು. ಚಂದ್ರಕಲಾ ಅದನ್ನು ಬಾಯಿಬಿಟ್ಟು ಕೇಳಿದರು.

ಕಾಮತ್ ಗೆದ್ದವರ ಮುಖ ಮಾಡಲಿಲ್ಲ. ಲ್ಯಾಪ್‌ಟಾಪನ್ನು ತೆರೆದು ಯಂತ್ರಕ್ಕೆ ಜೋಡಿಸಿದರು. "ಇದು ಈ ಒಂದು ಕರಾರನ್ನು ಮಾತ್ರ ಸಡಿಲಿಸುವುದಲ್ಲ ಮಾರಾಯ್ರೆ," ಎಂದರು. "ಎಲ್ಲವನ್ನೂ ಸಡಿಲಿಸ್ತದೆ. ಹಗ್ಗದ್ದು, ಬ್ರೇಕಿನದ್ದು, ವೇಗದ್ದು. ನಿಜವಾಗಿ ಏನಾದರೂ ಕೆಟ್ಟರೆ ಬರೀ ಹೇಳ್ತದೆ, ನಿಲ್ಲುವುದಿಲ್ಲ."

"ಹೇಳಲಿ. ನಾವು ನಿಲ್ಲಿಸೋಣ."

ಹೊಸ ಪ್ರೋಗ್ರಾಮು ಯಂತ್ರಕ್ಕೆ ಇಳಿಯಿತು. ಹುಸೇನಪ್ಪ ಬೆರಳನ್ನು ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿಯ ಮೇಲಿಟ್ಟು ಕೂತ. ಪಂಜರ ಕದಲಿತು. ಪರದೆಯಲ್ಲಿ ಭಾರದ ಎಚ್ಚರಿಕೆ ಸಾಲುಸಾಲಾಗಿ ಸುರಿಯತೊಡಗಿತು. ಇಂಥದೇ ಸಾಲುಗಳ ನಡುವೆ ನಿಜವಾದ ಒಂದು ಎಚ್ಚರಿಕೆ ಬಂದರೆ ಕಣ್ಣಿಗೆ ಬೀಳದೆ ಹೋದೀತು ಎಂದು ಚಂದ್ರಕಲಾ ಹಿಂದೆ ಸಭೆಗಳಲ್ಲಿ ಹೇಳುತ್ತಿದ್ದುದುಂಟು. ಈಗ ರೆಪ್ಪೆ ಬಡಿಯದೆ ಓದಿದರು. ಭಾರ, ಭಾರ, ಭಾರ. ನಡುವೆ ಒಂದು ಸಾಲು ಬೇರೆ ಬಂತು: ಬ್ರೇಕಿನ ಬಿಸಿ ಮಿತಿ ಮೀರಿದೆ.

"ನಿಲ್ಲಿಸು," ಎಂದರು.

ಹುಸೇನಪ್ಪ ಒತ್ತಿದ. ಪಂಜರ ಕತ್ತಲಲ್ಲಿ ಜೋತುಬಿತ್ತು. ಮಗಳನ್ನು ಹೊಗೆಯಲ್ಲಿ ತಾನೇ ನಿಲ್ಲಿಸಿದ ಆ ಮನುಷ್ಯನ ಮುಖವನ್ನು ನೋಡಲು ಅಲ್ಲಿದ್ದ ಯಾರಿಗೂ ಧೈರ್ಯವಾಗಲಿಲ್ಲ. ಉಜ್ಜಿ ಬಿಸಿಯಾದ ಬ್ರೇಕು ಹಿಡಿತ ಬಿಟ್ಟರೆ ಪಂಜರವೇ ಕೆಳಗೆ ಬೀಳುತ್ತಿತ್ತು, ಬಿಸಿ ಇಳಿಯುವವರೆಗೆ ಕಾದರು. ಆಮೇಲೆ ಅವನು ಪರದೆಯಲ್ಲೇ ವೇಗ ತಗ್ಗಿಸಿ, ಸ್ವಲ್ಪ ಎತ್ತಿ, ಸ್ವಲ್ಪ ನಿಲ್ಲಿಸಿ, ಮತ್ತೆ ಎತ್ತಿ ಪಂಜರವನ್ನು ಬಾವಿಯ ಬಾಯಿಗೆ ತಂದ.

ಹದಿಮೂರು ಜನರೂ ಬದುಕಿದ್ದರು. ಯಂಕಮ್ಮ ತಾನೇ ನಡೆದು ಬಂದಳು. ಮುದುಕಪ್ಪ ಎಂಬ ಹಿರಿಯ ಕೆಲಸಗಾರನನ್ನು ಹೊತ್ತು ತರಬೇಕಾಯಿತು. ಅವನ ಶ್ವಾಸಕೋಶ ಮತ್ತೆಂದೂ ಸರಿಹೋಗಲಿಲ್ಲ.

ಸಮಿತಿ ಸೇರಿದಾಗ ಚಂದ್ರಕಲಾ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಕಾಮತರ ವಿಧಾನವೂ ಭಾಷೆಗೆ ಸೇರಲಿ ಎಂದು ತಾವೇ ಮಂಡಿಸಿದರು. ಜೊತೆಗೆ ಒಂದು ಹೊಸ ನಿಯಮ ಕೇಳಿದರು: ಕರಾರಿನಲ್ಲಿ ಬರುವ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು, ಯಾರು ಅಳೆದರು ಎಂಬುದು ಬರೆದಿರಬೇಕು, ಇಲ್ಲದಿದ್ದರೆ ಕಂಪೈಲರ್ ಆ ಪ್ರೋಗ್ರಾಮನ್ನು ಮುಟ್ಟಬಾರದು. ವಿರೋಧ ಹೆಚ್ಚೇನೂ ಬರಲಿಲ್ಲ. ಎರಡೂ ಪಾಸಾದವು.

ಪದ್ಧತಿಯಂತೆ ಹೊಸ ನಿಯಮಕ್ಕೂ ಒಂದು ಮಾದರಿ ಬೇಕಿತ್ತು. ಚಂದ್ರಕಲಾ ಬಹಳ ಯೋಚಿಸಿ ಬರೆದರು. ಅಂಕಿಯ ಜಾಗವನ್ನೂ ಅಳೆದವರ ಹೆಸರಿನ ಜಾಗವನ್ನೂ ಬೇಕೆಂದೇ ಖಾಲಿ ಬಿಟ್ಟರು. ಹಾಗೇ ನಕಲು ಮಾಡಿದವರ ಪ್ರೋಗ್ರಾಮು ಓಡದು, ಓಡಬೇಕಾದರೆ ಅವರು ಎದ್ದು ಹೋಗಿ ಹಗ್ಗವನ್ನೋ ಬ್ರೇಕನ್ನೋ ಒಮ್ಮೆ ನೋಡಲೇಬೇಕು ಎಂಬುದು ಅವರ ಎಣಿಕೆ.

ಭಾಷೆಯ ಹೊಸ ನಿಯಮಾವಳಿ ಹೊರಬಿದ್ದ ಮೊದಲ ವಾರ ಸಮಿತಿಗೆ ಬಂದ ದೂರುಗಳೆಲ್ಲ ಆ ಮಾದರಿಯ ಬಗ್ಗೆಯೇ, ಓಡುತ್ತಿಲ್ಲ ಎಂದು. ಎರಡನೆಯ ವಾರ ದೂರು ಕಡಿಮೆಯಾಯಿತು, ಮೂರನೆಯ ವಾರ ನಿಂತೇಹೋಯಿತು. ಚಂದ್ರಕಲಾಗೆ ನೆಮ್ಮದಿಯಾಯಿತು. ಕೊನೆಯದಾಗಿ ಯಾವುದೋ ಆಸ್ಪತ್ರೆಯ ಉಸಿರಾಟದ ಯಂತ್ರಕ್ಕೆ ಪ್ರೋಗ್ರಾಮು ಬರೆಯುವ ತಂಡವೊಂದು ವಿನಯದಿಂದ ಹೀಗೆ ಬರೆದಿತ್ತು: ತೊಂದರೆ ಬಗೆಹರಿಯಿತು, ಖಾಲಿ ಜಾಗದಲ್ಲಿ ಏನೋ ಒಂದು ಅಂಕಿ ತುಂಬಿ ಪಕ್ಕದಲ್ಲಿ ಮಾದರಿ ಬರೆದ ಚಂದ್ರಕಲಾ ಬಳಿಗಾರ ಅವರ ಹೆಸರನ್ನೇ ಹಾಕಿದೆವು, ಈಗ ಚೆನ್ನಾಗಿ ಓಡುತ್ತಿದೆ.