ನೆಂದ ಪ್ಲಾಸ್ಟರ್

“ಅಜ್ಜೀ, ಸಾಕು! ನೀರು ಕವರ್ ಒಳಗೆ ಹೋಗ್ತೈತೆ!”

“ಹೋಗಂಗಿಲ್ಲ, ಸುಮ್ನಿರು. ಬಿಗಿಯಾಗಿ ಕಟ್ಟೀನಿ,” ಎನ್ನುತ್ತಾ ದ್ಯಾಮವ್ವಜ್ಜಿ ಇನ್ನೊಂದು ಚೊಂಬು ಬಿಸಿನೀರು ಸುರಿದಳು. “ದೀಪಾವಳಿ ದಿನ ಎಣ್ಣೆ-ನೀರು ಹಾಕ್ಕೊಳ್ಳದೆ ಇದ್ರೆ ಹೆಂಗೆ?”

ಸೈಕಲ್ಲಿಂದ ಬಿದ್ದು ಮೊಮ್ಮಗಳು ಭಾಗ್ಯಲಕ್ಷ್ಮಿಯ ಎಡ ಮುಂಗೈ ಮುರಿದಿತ್ತು. ಅದರ ಪ್ಲಾಸ್ಟರ್ ನೆನೆಯದಿರಲಿ ಎಂದು ಅಜ್ಜಿ ಪ್ಲಾಸ್ಟಿಕ್ ಕವರ್ ಕಟ್ಟಿದ್ದಳು. ಸೋಮವಾರ ಪ್ಲಾಸ್ಟರ್ ಬಿಚ್ಚಬೇಕು, ಗುರುವಾರ ಕ್ಲಾಸಿನವರೆಲ್ಲ ಕೊಂಡಜ್ಜಿ ಊರಿನ ಕ್ಯಾಂಪಿಗೆ ಹೊರಡಬೇಕು. ಕೆರೆ, ಟೆಂಟು, ಹಾಡು! ಬ್ಯಾಗು ಆಗಲೇ ರೆಡಿಯಾಗಿತ್ತು.

ಸ್ನಾನ ಮುಗಿಸಿ ಕವರ್ ಬಿಚ್ಚಿದರೆ ಪ್ಲಾಸ್ಟರ್ ಹಾಲಲ್ಲಿ ಅದ್ದಿದ ಬ್ರೆಡ್ಡಿನಂತೆ ಮೆತ್ತಗಾಗಿತ್ತು.

“ನೋಡು, ಏನ್ ಮಾಡಿಟ್ಟೆ! ಹೇಳಿದ್ರೆ ಕೇಳಂಗಿಲ್ಲ ನೀನು!” ಭಾಗ್ಯ ಕಿರುಚಿದಳು. ಅಜ್ಜಿ ಆಟೋ ಹಿಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಲತಾ ಹಣೆ ಚಚ್ಚಿಕೊಂಡರು. “ಪ್ಲಾಸ್ಟರಿಗೂ ಹಬ್ಬ ಮಾಡಿಸಿದ್ರಾ ಅಜ್ಜಿ?”

ಎಕ್ಸ್‌ರೇ ತೆಗೆಸಿ ನೋಡಿದರು. “ಎಲುಬು ಇನ್ನೂ ಪೂರ್ತಿ ಕೂಡಿಲ್ಲ. ಮತ್ತೆ ಪ್ಲಾಸ್ಟರ್ ಹಾಕ್ತೀನಿ. ಮೂರು ವಾರ.”

ಕ್ಯಾಂಪು ಹೋಯಿತು! ಭಾಗ್ಯಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. “ಹಾಕಬ್ಯಾಡ್ರಿ ಮೇಡಂ. ನಂಗೇನೂ ನೋಯ್ತಿಲ್ಲ!”

“ಎಲುಬು ಅಂದ್ರೆ ಕಲ್ಲಲ್ಲ, ಅದಕ್ಕೂ ಜೀವ ಐತೆ. ತಾನಾಗೇ ಕೂಡ್ಕೊಳ್ಳುತ್ತೆ. ಆದ್ರೆ ಅಲುಗಾಡಿದ್ರೆ ಸೊಟ್ಟಗೆ ಕೂಡ್ಕೊಳ್ಳುತ್ತೆ,” ಎಂದ ಡಾಕ್ಟರ್ ತಮ್ಮ ಕೈಯನ್ನೇ ಚಾಚಿದರು. “ನೋಡು, ಮುಂಗೈಯಲ್ಲಿ ಎರಡು ಎಲುಬು. ಅಂಗೈ ಮೇಲೆ ಕೆಳಗೆ ಮಾಡುವಾಗ ಒಂದು ಇನ್ನೊಂದರ ಮೇಲೆ ಹೊರಳುತ್ತೆ. ಸೊಟ್ಟಾದ್ರೆ ಹೊರಳಲ್ಲ.”

ಭಾಗ್ಯ ಬಲಗೈ ತಿರುಗಿಸಿ ನೋಡಿದಳು. ಸಲೀಸಾಗಿ ತಿರುಗಿತು. ಪಕ್ಕದಲ್ಲಿ ಅಜ್ಜಿಯೂ ಸೆರಗಿನ ಮರೆಯಲ್ಲಿ ತನ್ನ ಬಲಗೈ ತಿರುಗಿಸುತ್ತಿದ್ದಳು. ಅದು ಅರ್ಧಕ್ಕೇ ನಿಂತಿತು.

ಡಾಕ್ಟರ್ ಕಣ್ಣಿಗೂ ಬಿತ್ತು. “ಏನಾಗಿತ್ತು ಅಜ್ಜಿ?”

“ಸಣ್ಣಾಕಿದ್ದಾಗ ಬಿದ್ದಿದ್ದೆ ಡಾಕ್ಟ್ರಮ್ಮ. ಗದ್ದೆ ನಾಟಿ ಟೈಮು, ಯಾರು ಕರ್ಕಂಡು ಬರ್ಬೇಕು? ಅರಿವೆ ಸುತ್ತಿ ಬಿಟ್ರು,” ಎಂದ ಅಜ್ಜಿ ಅವಸರದಿಂದ ಸೇರಿಸಿದಳು, “ಇವ್ಳಿಗೆ ಮಾತ್ರ ಗಟ್ಟಿಯಾಗಿ ಹಾಕ್ರಿ.”

ಹೊಸ ಪ್ಲಾಸ್ಟರ್ ಹಾಕಿಸಿಕೊಂಡು ಹೊರಗೆ ಬಂದರು. ಅಜ್ಜಿಯ ಜೊತೆ ಮಾತಾಡಲೇಬಾರದು ಎಂದು ಭಾಗ್ಯ ಮುಖ ಗಂಟಿಕ್ಕಿಕೊಂಡೇ ನಡೆದಳು. ಗೇಟಿನ ಹತ್ತಿರ ನಬೀ ಸಾಬರ ಮಂಡಕ್ಕಿ ಗಾಡಿ ಘಮಘಮ ಎನ್ನುತ್ತಿತ್ತು. ಮೊಮ್ಮಗಳ ಸಿಟ್ಟು ಇಳಿಸಲು ಅಜ್ಜಿ ಅಲ್ಲೇ ನಿಂತಳು.

“ರುಚಿ ನೋಡ್ರಿ ಅಜ್ಜಿ,” ಎಂದು ನಬೀ ಸಾಬ್ ಒಂದು ಹಿಡಿ ಖಾರ ಮಂಡಕ್ಕಿ ಎತ್ತಿದರು.

ಅಜ್ಜಿಯ ಎಡಗೈಯಲ್ಲಿ ಎಕ್ಸ್‌ರೇ, ಔಷಧಿ ಚೀಲ. ಬಲಗೈ ಚಾಚಿದಳು. ಅಂಗೈ ಓರೆಯಾಗಿಯೇ ನಿಂತಿತು. ಮಂಡಕ್ಕಿಯೆಲ್ಲ ಜಾರಿ ನೆಲಕ್ಕೆ ಬಿತ್ತು.

“ಅಯ್ಯ, ಹಾಳಾದ ಕೈ,” ಎಂದು ಅಜ್ಜಿ ನಾಚಿಕೊಂಡು ನಕ್ಕಳು.

ಭಾಗ್ಯ ಆ ಕೈಯನ್ನೇ ನೋಡಿದಳು. ಆಮೇಲೆ ತನ್ನ ಬಲ ಅಂಗೈಯನ್ನು ಅಜ್ಜಿಯ ಮುಂದೆ ಅಗಲವಾಗಿ ಹಿಡಿದಳು.

“ಇಲ್ಲಿ ಹಾಕ್ರಿ ಸಾಬರೇ.”

ಅಜ್ಜಿ ಮೊಮ್ಮಗಳ ಅಂಗೈಯಿಂದ ಬೆರಳ ತುದಿಯಲ್ಲಿ ಮಂಡಕ್ಕಿ ಎತ್ತಿಕೊಂಡು ತಿನ್ನತೊಡಗಿದಳು. ಭಾಗ್ಯಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಮಂಡಕ್ಕಿ ಮುಗಿಯುವವರೆಗೆ ಕೈ ಹಾಗೇ ಹಿಡಿದುಕೊಂಡಿದ್ದಳು.